ಕನ್ಯೆಯ ವಿದ್ಯೆಯೂ ವರೋಪಚಾರದ ನಿರಾಕರಣವೂ

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ನಡೆದ ಉಪನ್ಯಾಸದ ಪಾಠ)

 

ಗೃಹಸ್ಥಾಶ್ರಮಕ್ಕೆ ವಿವಾಹವೇ ದ್ವಾರವೆಂಬುದು ಸರ್ವವಿದಿತವಾದ ಸಂಗತಿ. ಆ ದ್ವಾರದಲ್ಲಿ ಕುಳಿತು ಸುಂಕವನ್ನು ಎತ್ತುವ ಒಂದು ದುಷ್ಟ ಪದ್ಧತಿಯು ಸಮಾಜದಲ್ಲಿ ಬೇರೂರಿರುವುದೂ ಸರ್ವವಿದಿತವೇ ಆಗಿದೆ. ಉತ್ತರದ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ‘ಹುಂಡ’ ಎನ್ನುತ್ತಾರೆ. ಪುಸ್ತಕದ ಭಾಷೆಯಲ್ಲಿ ಇದು ‘ವರದಕ್ಷಿಣೆ’. ಸ್ವಲ್ಪ ನಾಚಿಕೆಯುಳ್ಳ ಮನೆತನಗಳಲ್ಲಿ ‘ವರೋಪಚಾರ’ ಎಂಬ ಮೃದುವಾದ ಹೆಸರು ಬಳಕೆಯಲ್ಲಿದೆ. ಉಪಚಾರವೆಂದರೆ ಸತ್ಕಾರ. ಬಂದವನ ಕಾಲಿಗೆ ನೀರು, ಕೂಡಲು ಕಂಬಳಿ, ಕುಡಿಯಲು ಹಾಲು ಕೊಡುವುದು ಉಪಚಾರವೆನಿಸುತ್ತದೆ. ಬಂದವನೇ ಇಷ್ಟು ತೊಲ ಬಂಗಾರವೆಂದು ಮುಂಚಿತವಾಗಿ ನಿಷ್ಕರ್ಷೆಮಾಡಿ, ಅದು ಕೈಸೇರುವ ತನಕ ಹೊಸ್ತಿಲು ದಾಟೆನೆಂದು ಕುಳಿತರೆ ಅದಕ್ಕೆ ವಸೂಲಿಯೆಂದು ಹೆಸರು. ಶಬ್ದವನ್ನು ಮೊದಲು ಶುದ್ಧಿಮಾಡಿಕೊಳ್ಳದೆ ಆಚಾರದ ಶುದ್ಧಿಯು ಸಾಧ್ಯವಾಗದಾದುದರಿಂದ ಈ ವಿಚಾರವನ್ನು ಆರಂಭದಲ್ಲಿಯೇ ಹೇಳಬೇಕಾಯಿತು.

ಇದು ಪ್ರಾಚೀನ ಸಂಪ್ರದಾಯ, ಹಿರಿಯರು ಹಾಕಿಕೊಟ್ಟ ದಾರಿ, ಎಂದು ವಾದಿಸುವವರುಂಟು. ಆ ವಾದವು ನಿಲ್ಲುವಂಥದಲ್ಲ. ಕನ್ನಡನಾಡಿನ ಅನೇಕ ಒಕ್ಕಲು ಮನೆತನಗಳಲ್ಲಿ ಹಿಂದೆ ಇದ್ದುದು ‘ತೆರ’ ಎಂಬ ಪದ್ಧತಿ. ಅಂದರೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಹಣ ಕೊಡುತ್ತಿದ್ದುದು. ಅದನ್ನೂ ಸ್ಮೃತಿಕಾರರು ಒಪ್ಪಲಿಲ್ಲ. ಮಗಳಿಗೆ ಶುಲ್ಕವನ್ನು ಪಡೆದ ತಂದೆಯು ಸಂತಾನವಿಕ್ರಯ ಮಾಡಿದವನಾಗುವನೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ನಿಷ್ಠುರವಾಗಿ ವಿಧಿಸುತ್ತದೆ. ಅದರ ಮುಂದಿನ ಶ್ಲೋಕದಲ್ಲಿಯೇ, ಸ್ತ್ರೀಧನವನ್ನೂ ಆಕೆಯ ವಾಹನವಸ್ತ್ರಗಳನ್ನೂ ಮೋಹದಿಂದ ಉಪಭೋಗಿಸುವ ಬಂಧುಗಳಿಗೆ ಅಧೋಗತಿಯೆಂದು ಹೇಳಿದೆ. ಹೆಣ್ಣಿನ ಮೇಲೆ ಕಟ್ಟುಪಾಡುಗಳನ್ನು ವಿಧಿಸುವುದರಲ್ಲಿ ಏನೇನೂ ಕೊರತೆಮಾಡದ ಗ್ರಂಥವೇ ಇಷ್ಟನ್ನು ಹೇಳಿದ ಮೇಲೆ, ವರದಕ್ಷಿಣೆಗೆ ಶಾಸ್ತ್ರಾಧಾರವನ್ನು ಹುಡುಕುವವರು ಬೇರೆ ಯಾವ ಗ್ರಂಥದ ಬಾಗಿಲನ್ನು ತಟ್ಟಬೇಕೋ ತಿಳಿಯದು. ಮಗಳನ್ನು ಮಾರಿದವನು ಪಾಪಿಯಾದರೆ ಮಗನನ್ನು ಮಾರಿದವನು ಪುಣ್ಯವಂತನಾಗುವ ನ್ಯಾಯವು ಯಾವ ತರ್ಕಶಾಸ್ತ್ರದಲ್ಲಿಯೂ ಇಲ್ಲ.

ಇನ್ನು ಸ್ತ್ರೀಧನದ ಮಾತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಆಳಿಕೆ ೧೦೭೬–೧೧೨೬) ಕಾಲದಲ್ಲಿ ಅದೇ ಕಲ್ಯಾಣ ಪಟ್ಟಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ತಂದೆ ತಾಯಿ ಸೋದರರು ಪ್ರೀತಿಯಿಂದ ಕೊಟ್ಟದ್ದು ಮಾತ್ರವಲ್ಲದೆ, ದಾಯದಿಂದ ಬಂದದ್ದು, ಕ್ರಯದಿಂದ ಬಂದದ್ದು, ವಿಭಾಗದಿಂದ ಬಂದದ್ದು ಎಲ್ಲವೂ ಸ್ತ್ರೀಧನವೇ ಎಂದು ಆ ಕನ್ನಡನಾಡಿನ ಪಂಡಿತನು ಅರ್ಥವನ್ನು ವಿಶಾಲಗೊಳಿಸಿದನು. ಆತನ ದೃಷ್ಟಿಯಲ್ಲಿ ಸ್ತ್ರೀಧನಕ್ಕೆ ಒಡತಿಯು ಸ್ತ್ರೀಯೇ. ವರದಕ್ಷಿಣೆಯಾದರೋ ವಧುವಿನ ಹೆಸರಿನಲ್ಲಿ ಹೊರಟು, ವರನ ತಂದೆಯ ಪೆಟ್ಟಿಗೆಯಲ್ಲಿ ಇಳಿಯುತ್ತದೆ. ಆಕೆಯ ಕೊರಳಿಗೆ ಹಾಕಿದ ಬಂಗಾರವು ಆರು ತಿಂಗಳಲ್ಲಿ ನಾದಿನಿಯ ಮದುವೆಗೆ ಹೋಗುವುದು. ಕೊಟ್ಟ ನಗದು ಮೈದುನನ ಅಂಗಡಿಗೆ ಹೋಗುವುದು. ಬಳುವಳಿಯೆಂಬ ಹಳೆಯ ಸವಿಮಾತಿನ ಮರೆಯಲ್ಲಿ ಇದನ್ನು ಅಡಗಿಸುವುದು ಆ ಮಾತಿಗೂ ಅಪಮಾನ.

ಶರಣಧರ್ಮಕ್ಕೆ ಬಂದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಹೆಣ್ಣಿನ ಕರಸ್ಥಲಕ್ಕೂ ಇಷ್ಟಲಿಂಗವನ್ನು ಕೊಟ್ಟರು. ದೀಕ್ಷೆಯಲ್ಲಿ ಅವಳಿಗೊಂದು ಅವನಿಗೊಂದು ಎಂಬ ಭೇದವಿಲ್ಲವೆಂದ ಮೇಲೆ, ಲಿಂಗವನ್ನು ಧರಿಸಿದ ಒಂದು ದೇಹಕ್ಕೆ ಲಿಂಗವನ್ನು ಧರಿಸಿದ ಇನ್ನೊಂದು ದೇಹದ ಬೆಲೆಯನ್ನು ಕಟ್ಟುವ ಅಧಿಕಾರವು ಎಲ್ಲಿಂದ ಬಂತು? ಮುಖ್ಯವಾದ ಮಾತು ಕಾಯಕದ್ದು. ಕಾಯಕದಿಂದ ಬಂದುದು ಮಾತ್ರವೇ ದಾಸೋಹಕ್ಕೆ ಸಲ್ಲುವುದು. ಅನ್ಯಥಾ ಬಂದ ಧನವು ಲಿಂಗಾರ್ಪಿತಕ್ಕೆ ಯೋಗ್ಯವಲ್ಲ. ವರದಕ್ಷಿಣೆಯ ಹಣಕ್ಕೆ ವರನು ಯಾವ ಕಾಯಕವನ್ನು ಮಾಡಿದನು? ಒಂದು ದಿನ ಬಾಸಿಂಗವನ್ನು ಕಟ್ಟಿಕೊಂಡು ಕುಳಿತದ್ದು ಕಾಯಕವೆಂದು ಯಾರೂ ಹೇಳಲಾರರು.

ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವು ಮಕ್ಕಳಿಗೂ ಗೊತ್ತಿದ್ದದ್ದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಆಸೆಯು ಅರಸರಿಗೆ ಇರತಕ್ಕದ್ದು, ಭಕ್ತರಿಗಲ್ಲವೆಂದು ತಿಳಿಹೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆಯು ಹಿಂದಕ್ಕೆ ಕಳುಹಿಸಿದಳು. ಈ ಪ್ರಸಂಗವನ್ನು ಪುರಾಣಪ್ರವಚನಗಳಲ್ಲಿ ಕೇಳಿ ತಲೆದೂಗುವ ತಾಯಂದಿರೇ, ಮಗನ ಮದುವೆಯ ಮಾತಿಗೆ ಕುಳಿತಾಗ, ಇನ್ನೆರಡು ತೊಲ ಹೆಚ್ಚು ಕೇಳಿರೆಂದು ಒಳಗಿನಿಂದ ಯಜಮಾನರಿಗೆ ಸನ್ನೆಮಾಡುವುದುಂಟು. ಇದು ಕಹಿಯಾದ ಮಾತು. ಆದರೂ ಈ ಸಭೆಯಲ್ಲಿ ಹೇಳದೆ ಬೇರೆಲ್ಲಿ ಹೇಳುವುದು?

ಉಡುತಡಿಯ ಮಹಾದೇವಿಯಕ್ಕನ ಚರಿತ್ರೆಯಲ್ಲಿ ಕವಿಗಳಿಗೆ ಅಭಿಪ್ರಾಯಭೇದವಿದೆ. ಕೌಶಿಕನೊಡನೆ ಆಕೆಯ ವಿವಾಹವು ನಡೆಯಿತೆಂದು ಹರಿಹರನ ರಗಳೆಯು ಹೇಳಿದರೆ, ಚಾಮರಸನ ಪ್ರಭುಲಿಂಗಲೀಲೆಯು ಅದನ್ನು ಒಪ್ಪುವುದಿಲ್ಲ. ಆದರೆ ಕರಾರನ್ನು ಮುಂದಿಟ್ಟವಳು ಆಕೆ, ಮೀರಿದವನು ಅರಸ, ಮೀರಿದ ಕ್ಷಣದಲ್ಲಿ ಅರಮನೆಯನ್ನು ತೊರೆದವಳು ಆಕೆ ಎಂಬುದು ಹರಿಹರನ ಕಥನದ ತಿರುಳು. ಇಂದು ಕರಾರನ್ನು ಮುಂದಿಡುವ ಹಕ್ಕು ಪೂರ್ತಿಯಾಗಿ ಎದುರು ಪಕ್ಷಕ್ಕೆ ಹೋಗಿದೆ. ಆ ಕಾಲದ ಶರಣೆಯರಲ್ಲಿ ಮೂವತ್ತಕ್ಕೂ ಮಿಕ್ಕಿ ವಚನಕಾರ್ತಿಯರು ದೊರೆಯುತ್ತಾರೆ. ಅಕ್ಷರವೂ ಅನುಭಾವವೂ ಕೈಯಲ್ಲಿದ್ದುದರಿಂದಲೇ ಅವರಿಗೆ ಎದುರುನುಡಿಯುವ ಧೈರ್ಯವು ಬಂದಿತೆಂದು ಊಹಿಸುವುದರಲ್ಲಿ ತಪ್ಪಿಲ್ಲ.

ಹೀಗಿರಲು ವಿದ್ಯೆಯೊಂದಿದ್ದರೆ ಈ ಪಿಡುಗು ತಾನಾಗಿ ತೊಲಗುವುದೆಂದು ತಿಳಿಯುವುದು ಮಾತ್ರ ಅರ್ಧಸತ್ಯ. ವರದಕ್ಷಿಣೆಯು ಅವಿದ್ಯಾವಂತರಲ್ಲಿ ಹುಟ್ಟಿ ವಿದ್ಯಾವಂತರಲ್ಲಿ ಸತ್ತ ರೋಗವಲ್ಲ. ಅನೇಕ ಕಡೆಗಳಲ್ಲಿ ಅದು ಪದವಿಯ ಬೆನ್ನುಹತ್ತಿ ಬಂದಿದೆ. ೧೯೧೪ನೆಯ ಇಸವಿಯ ಜನವರಿಯಲ್ಲಿ ಕಲಕತ್ತೆಯಲ್ಲಿ ಸ್ನೇಹಲತಾ ಎಂಬ ಹದಿಹರೆಯದ ಕನ್ಯೆಯು, ತನ್ನ ವರನಿಗೆ ಕೊಡಬೇಕಾದ ಹಣಕ್ಕಾಗಿ ತಂದೆಯು ಮನೆಯನ್ನು ಒತ್ತೆಯಿಡಲು ಸಿದ್ಧನಾದುದನ್ನು ಸೈರಿಸಲಾರದೆ ಪ್ರಾಣವನ್ನು ಕಳೆದುಕೊಂಡಳು. ವಂಗದೇಶವೆಲ್ಲ ಕಣ್ಣೀರುಗರೆಯಿತು, ಸಭೆಗಳು ನಡೆದುವು. ಅಲ್ಲಿ ವರನ ಬೆಲೆಯನ್ನು ಏರಿಸಿದ್ದು ವಿಶ್ವವಿದ್ಯಾಲಯದ ಪದವಿಯೇ ಆಗಿದ್ದಿತು. ಆ ಬಾಲೆಗೆ ತಂದೆಯನ್ನು ಉಳಿಸುವ ಬೇರೊಂದು ದಾರಿಯು ಕಾಣಲಿಲ್ಲ. ತನ್ನ ಕಾಲಮೇಲೆ ತಾನು ನಿಲ್ಲುವ ವಿದ್ಯೆಯಿದ್ದಿದ್ದರೆ, ಮದುವೆಯಾಗದೆ ಇನ್ನೆರಡು ವರ್ಷ ಇರುವುದು ಅಪರಾಧವಲ್ಲವೆಂದು ಹೇಳುವವರೊಬ್ಬರು ಮನೆಯಲ್ಲಿದ್ದಿದ್ದರೆ, ಆ ಜೀವವು ಉಳಿಯುತ್ತಿತ್ತೇನೋ. ಬೇಡವೆನ್ನುವುದಕ್ಕೆ ಸಾಯಬೇಕಾಗಿ ಬಂದ ಕಾಲವದು. ಇಂದಿನ ಕನ್ಯೆಗೆ ಬದುಕಿಯೇ ಬೇಡವೆನ್ನುವ ಶಕ್ತಿಯನ್ನು ಕೊಡುವ ವಿದ್ಯೆಯು ಬೇಕಾಗಿದೆ.

ಇಲ್ಲಿ ಮಠಗಳಿಗೆ ಸಂಬಂಧಪಟ್ಟ ಒಂದು ಸೂಕ್ಷ್ಮ ವಿಚಾರವಿದೆ. ಕರ್ನಾಟಕದ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದು ಬಡವರ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತದ್ದು ಇತಿಹಾಸದಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡತಕ್ಕ ಕಾರ್ಯ. ಆದರೆ ಆ ನಿಲಯಗಳ ಬಾಗಿಲು ಬಹುಕಾಲ ಗಂಡುಮಕ್ಕಳಿಗೇ ತೆರೆದಿದ್ದಿತು. ಸುಗ್ಗಿಯ ಕಾಲದಲ್ಲಿ ಭಕ್ತರು ಬಂಡಿಯಲ್ಲಿ ಜೋಳದ ಚೀಲಗಳನ್ನು ಹೇರಿ ತಂದು ದಾಸೋಹಕ್ಕೆ ಅರ್ಪಿಸಿದರು. ಆ ಜೋಳದ ರೊಟ್ಟಿಯನ್ನು ಉಂಡು ಹುಡುಗರು ಓದಿದರು. ಇಂಜಿನಿಯರರೂ ವೈದ್ಯರೂ ಅಧಿಕಾರಿಗಳೂ ಆದರು. ಅನಂತರ ಅವರಲ್ಲಿ ಕೆಲವರು, ಜೋಳ ಕೊಟ್ಟ ಭಕ್ತನ ಮಗಳನ್ನೇ ನೋಡಲು ಬಂದು, ಅದೇ ಭಕ್ತನಿಗೆ ತಮ್ಮ ಪದವಿಯ ಬೆಲೆಯನ್ನು ಹೇಳಿದರು. ಒಂದೇ ವಿದ್ಯೆಗೆ ಅವನು ಎರಡು ಸಲ ತೆತ್ತಂತಾಯಿತು: ಒಮ್ಮೆ ಪ್ರೀತಿಯಿಂದ, ಒಮ್ಮೆ ಸಾಲಮಾಡಿ. ದಾಸೋಹದ ಅನ್ನದಿಂದ ಬೆಳೆದ ವಿದ್ಯೆಯು ಮಾರಾಟಕ್ಕೆ ಸಲ್ಲದೆಂಬುದನ್ನು ಪ್ರಸಾದನಿಲಯದ ಪ್ರಾರ್ಥನೆಯೊಡನೆಯೇ ಹುಡುಗರಿಗೆ ಕಲಿಸಬೇಕಾಗಿತ್ತು.

ಈಗ ಒಂದು ಮನೆಯನ್ನು ಶ್ರೋತೃಗಳು ಮನಸ್ಸಿಗೆ ತಂದುಕೊಳ್ಳಬೇಕು. ಇದು ಯಾವುದೋ ಒಂದು ಮನೆತನದ ಹೆಸರು ಹೇಳಿ ಎತ್ತಿತೋರಿಸುವ ವೃತ್ತಾಂತವಲ್ಲ. ಅನೇಕ ಮನೆಗಳ ಅನುಭವವನ್ನು ಒಂದೇ ಪಡಸಾಲೆಗೆ ತಂದು ಕೂರಿಸಿದ ದೃಷ್ಟಾಂತ. ನಾಲ್ಕು ಎಕರೆ ಎರೆಭೂಮಿ, ಒಂದು ಜೊತೆ ಎತ್ತು, ಇಬ್ಬರು ಹೆಣ್ಣುಮಕ್ಕಳು. ಹಿರಿಯವಳನ್ನು ಏಳನೆಯ ತರಗತಿಗೆ ಬಿಡಿಸಿ, ವಯಸ್ಸಿಗೆ ಬಂದೊಡನೆ ಮೂರು ಲಕ್ಷ ರೂಪಾಯಿ ಸಾಲಮಾಡಿ ಕೊಟ್ಟದ್ದಾಯಿತು. ಅನಂತರ ಪ್ರತಿ ಪಂಚಮಿಗೆ ಅವಳನ್ನು ಕರೆತರಲು ಹೋದಾಗಲೆಲ್ಲ ಬೀಗರ ಮನೆಯಿಂದ ಒಂದೊಂದು ಬಾಕಿಯ ನೆನಪು. ಕಿರಿಯವಳು ಹಟಮಾಡಿ ಓದಿದಳು. ತಾಲೂಕಿನ ಕಾಲೇಜು, ಆಮೇಲೆ ಶಿಕ್ಷಣದ ಪದವಿ. ಈಗ ಒಂದು ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸುತ್ತಾಳೆ.

ವರನ ಕಡೆಯವರು ಬಂದರು. ಹುಡುಗನು ಬೆಂಗಳೂರಿನಲ್ಲಿ ಇಂಜಿನಿಯರು. ಅವಲಕ್ಕಿ, ಚಹಾ ಆದುವು. “ನಮ್ಮದೇನೂ ಬೇಡಿಕೆಯಿಲ್ಲ, ನಿಮ್ಮ ಮಗಳಿಗೆ ನೀವು ಹಾಕುವುದು ನಿಮ್ಮ ಸಂತೋಷ” ಎಂಬ ಪೀಠಿಕೆಯಾಯಿತು. ಆ ಪೀಠಿಕೆಯ ಅನಂತರ ಗ್ರಂಥವು ಬಂದಿತು: ಹತ್ತು ತೊಲ ಬಂಗಾರ, ಹತ್ತು ಲಕ್ಷ ನಗದು, ಒಂದು ಕಾರು, ಪಟ್ಟಣದ ಕಲ್ಯಾಣಮಂಟಪದಲ್ಲಿ ಕಾರ್ಯ. ತಂದೆಯು ಮೇಲಿನ ಎರಡು ಎಕರೆಯನ್ನು ಮನಸ್ಸಿನಲ್ಲಿಯೇ ಮಾರಿ ಮುಗಿಸಿ, ಇನ್ನೇನು ಹೂಂ ಎನ್ನುವಷ್ಟರಲ್ಲಿ ಹುಡುಗಿಯು ಒಳಗಿನಿಂದ ಒಂದು ಲೆಕ್ಕದ ಪುಸ್ತಕವನ್ನು ಹಿಡಿದು ಪಡಸಾಲೆಗೆ ಬಂದಳು.

“ಹಿರಿಯರು ಕ್ಷಮಿಸಬೇಕು. ಅಪ್ಪಾ, ಅಕ್ಕನ ಮದುವೆಯ ಸಾಲ ಮೂರು ಲಕ್ಷ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಆರು ಸಾವಿರ, ವರ್ಷಕ್ಕೆ ಎಪ್ಪತ್ತೆರಡು ಸಾವಿರ. ಆರು ವರ್ಷದಲ್ಲಿ ನೀವು ಕಟ್ಟಿದ್ದು ನಾಲ್ಕು ಲಕ್ಷ ಮೂವತ್ತೆರಡು ಸಾವಿರ. ಅಸಲಿನಲ್ಲಿ ಒಂದು ರೂಪಾಯಿಯೂ ಹರಿದಿಲ್ಲ. ಇದರ ಮೇಲೆ ಇನ್ನೊಂದು ಸಾಲಕ್ಕೆ ನಾನು ಕಾರಣಳಾಗಲಾರೆ.” ಬಳಿಕ ವರನ ತಂದೆಯ ಕಡೆಗೆ ತಿರುಗಿ, “ನಿಮ್ಮ ಮನೆಗೆ ಬರುವುದಕ್ಕೆ ನನಗೆ ಬೇಡವೆಂದಿಲ್ಲ. ಕೊಟ್ಟು ಬರುವುದು ಮಾತ್ರ ಬೇಡ” ಎಂದಳು.

ದೊಡ್ಡ ಮಾತುಗಳೇನೂ ಇರಲಿಲ್ಲ. ಅದೊಂದು ಸರಳಬಡ್ಡಿಯ ಲೆಕ್ಕ. ಏಳನೆಯ ತರಗತಿಯ ಪುಸ್ತಕದಲ್ಲಿಯೇ ಇರತಕ್ಕದ್ದು. ಆದರೆ ಆ ಲೆಕ್ಕವನ್ನು ಹತ್ತು ಜನ ಹಿರಿಯರ ಎದುರಿನಲ್ಲಿ ನಿಂತು ಓದುವುದಕ್ಕೆ ಹಿಂದೆ ತಿಂಗಳ ಸಂಬಳವಿರಬೇಕು, ನಾಳೆ ಬೆಳಿಗ್ಗೆ ಹೋಗತಕ್ಕ ಶಾಲೆಯಿರಬೇಕು, ತನ್ನನ್ನು ‘ಟೀಚರೇ’ ಎಂದು ಕರೆಯುವ ಮಕ್ಕಳಿರಬೇಕು. ಕಾಯಕವಿಲ್ಲದ ಅಕ್ಷರವು ಧೈರ್ಯವನ್ನು ಕೊಡುವುದು ಕಷ್ಟ. ಪದವಿಯ ಪ್ರಮಾಣಪತ್ರವನ್ನು ಮದುವೆಯ ಪರಿಚಯಪತ್ರದಲ್ಲಿ ಒಂದು ಸಾಲಾಗಿ ಸೇರಿಸಲಿಕ್ಕಷ್ಟೇ ಮಗಳನ್ನು ಓದಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಬಂದವರು ಎದ್ದುಹೋದರು. ಓದಿದ ಹುಡುಗಿಯನ್ನು ಮನೆಗೆ ತರಬಾರದೆನ್ನುವುದು ಇದಕ್ಕೇ ಎಂದು ವರನ ಸೋದರತ್ತೆಯು ಅಂಗಳದಲ್ಲಿ ಕೆರ ಮೆಟ್ಟುತ್ತ ಎಲ್ಲರಿಗೂ ಕೇಳುವಂತೆ ನುಡಿದಳು. ಹುಡುಗನು ತಲೆಯೆತ್ತಲಿಲ್ಲ. ತಂದೆಯು ಮಗಳನ್ನು ಶ್ಲಾಘಿಸಿದನೆಂದು ಹೇಳಿದರೆ ಸುಳ್ಳಾದೀತು. ಅವನು ದನದ ಕೊಟ್ಟಿಗೆಗೆ ಹೋಗಿ ಕತ್ತಲಾಗುವ ತನಕ ಹೊರಗೆ ಬರಲಿಲ್ಲ. ತಾಯಿಯು ಎರಡು ದಿನ ಮಾತು ಬಿಟ್ಟಳು. ಸುದ್ದಿ ತಿಳಿದ ಅಕ್ಕನು ದೂರವಾಣಿಯಲ್ಲಿ ಕೇಳಿದ್ದು ಒಂದೇ: “ಅಪ್ಪ ಊಟ ಮಾಡಿದನೇನವ್ವಾ?”

ಧೈರ್ಯದ ಬೆಲೆಯನ್ನು ಮುಚ್ಚಿಟ್ಟು ಉಪನ್ಯಾಸಮಾಡುವುದು ಪ್ರಾಮಾಣಿಕವಲ್ಲವಾದುದರಿಂದ ಇಷ್ಟನ್ನು ವಿಸ್ತರಿಸಿದ್ದಾಯಿತು. ಬೇಡವೆಂದ ಹುಡುಗಿಗೆ ಮರುವಾರವೇ ಬೇರೊಬ್ಬ ಸದ್ಗುಣಿಯಾದ ವರನು ದೊರೆಯುವುದು ಕಥೆಗಳಲ್ಲಿ. ಊರಲ್ಲಿ ಹೆಸರು ಹರಡುತ್ತದೆ, ಸಂಬಂಧಗಳು ಬಾಗಿಲ ತನಕ ಬಂದು ತಿರುಗುತ್ತವೆ, ವರ್ಷಗಳು ಉರುಳುತ್ತವೆ. ಆ ವರ್ಷಗಳಲ್ಲಿ ಆಕೆಯ ಬೆನ್ನಿಗೆ ನಿಲ್ಲತಕ್ಕವರು ಯಾರು ಎಂಬುದೇ ಸಮಾಜದ ಮುಂದಿರುವ ಪ್ರಶ್ನೆ. ಹುಡುಗಿಯು ಒಂದು ದಿನ ಧೈರ್ಯಮಾಡಿದರೆ ಸಾಕು, ಆದರೆ ಮನೆಯವರು ದಿನದಿನವೂ ಮಾಡಬೇಕಾಗುತ್ತದೆ.

ರಾಜಶಾಸನದ ಬಲವು ಇಲ್ಲವೆಂದಲ್ಲ. ೧೯೬೧ನೆಯ ಇಸವಿಯಲ್ಲಿಯೇ ಭಾರತ ಸರಕಾರವು ವರದಕ್ಷಿಣಾ ನಿಷೇಧ ಕಾಯಿದೆಯನ್ನು ಮಾಡಿತು; ೧೯೮೪ ಹಾಗೂ ೧೯೮೬ರಲ್ಲಿ ತಿದ್ದುಪಡಿಗಳಿಂದ ಅದನ್ನು ಬಿಗಿಗೊಳಿಸಿತು. ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಸಾಮಾನ್ಯವಾಗಿ ಐದು ವರ್ಷಗಳಿಗೆ ಕಡಿಮೆಯಿಲ್ಲದ ಕಾರಾವಾಸ, ಮೇಲೆ ದಂಡ. ಬರಿದೆ ಬಾಯಲ್ಲಿ ಕೇಳಿದರೂ ಆರು ತಿಂಗಳಿಂದ ಎರಡು ವರ್ಷಗಳ ವರೆಗೆ ಶಿಕ್ಷೆಯುಂಟು. ಪೀಡೆಗೊಳಗಾದವರು ಕೊಟ್ಟ ಹೇಳಿಕೆಯನ್ನೇ ಆಧಾರಮಾಡಿಕೊಂಡು ಅವರ ಮೇಲೆ ಮೊಕದ್ದಮೆ ಹೂಡಕೂಡದೆಂಬ ರಕ್ಷಣೆಯೂ ಅದರಲ್ಲಿದೆ. ಮದುವೆಯಾದ ಏಳು ವರ್ಷಗಳೊಳಗೆ ವರದಕ್ಷಿಣೆಯ ಪೀಡೆಯಿಂದ ಹೆಣ್ಣು ಅಸಹಜವಾಗಿ ಸತ್ತರೆ ಅದನ್ನು ವರದಕ್ಷಿಣಾ ಮರಣವೆಂದು ಎಣಿಸುವ ವಿಧಿಯು ೧೯೮೬ರಲ್ಲಿ ದಂಡಸಂಹಿತೆಗೆ ಸೇರಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ ೮೦ನೆಯ ಕಲಮಿನಲ್ಲಿಯೂ ಅದು ಮುಂದುವರಿದಿದೆ. ಇಷ್ಟಿದ್ದೂ ೨೦೨೨ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲೆಯಾದ ಇಂಥ ಮರಣಗಳು ಆರು ಸಾವಿರಕ್ಕೂ ಮೇಲ್ಪಟ್ಟಿವೆ. ಶಾಸನವು ಠಾಣೆಯ ತನಕ ಬಂದವರನ್ನು ಕಾಯಬಲ್ಲುದು. ಪಡಸಾಲೆಯಲ್ಲಿ ಮಾತು ನಡೆಯುವಾಗ ಒಳಗಿನಿಂದ ಎದ್ದುಬರುವ ಕಾಲುಗಳನ್ನು ಅದು ಕೊಡಲಾರದು.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯವು ಆಸ್ತಿಯದು. ಮೈಸೂರು ಸಂಸ್ಥಾನವು ೧೯೩೩ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಶಾಸನವನ್ನು ಮಾಡಿ ದಾರಿ ತೋರಿಸಿತು. ಕರ್ನಾಟಕದಲ್ಲಿ ೧೯೯೪ರಿಂದ, ದೇಶಕ್ಕೆಲ್ಲ ೨೦೦೫ರಿಂದ, ಮಗಳೂ ಮಗನಂತೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಭಾಗಸ್ಥಳು. ಹಾಗಿದ್ದರೂ, “ನಿನ್ನ ಪಾಲನ್ನು ಮದುವೆಯಲ್ಲಿ ಕೊಟ್ಟಾಯಿತಲ್ಲ, ಇದಕ್ಕೊಂದು ರುಜು ಹಾಕವ್ವಾ” ಎಂದು ಅಣ್ಣತಮ್ಮಂದಿರು ಹಕ್ಕುಬಿಡುಗಡೆಯ ಪತ್ರವನ್ನು ಮುಂದೊಡ್ಡುವುದು ಹಳ್ಳಿಗಳಲ್ಲಿ ನಿತ್ಯದ ನೋಟ. ಕೊಟ್ಟದ್ದು ಯಾರಿಗೆ? ಬೀಗರಿಗೆ. ಬಿಡಬೇಕಾದವಳು ಯಾರು? ಮಗಳು. ಬೀಗರ ಪೆಟ್ಟಿಗೆಗೆ ಬಿದ್ದ ಹಣವನ್ನು ಮಗಳ ಖಾತೆಗೆ ಖರ್ಚುಬರೆಯುವ ಈ ಲೆಕ್ಕವನ್ನು ಮಿತಾಕ್ಷರಾಕಾರನು ಕಂಡಿದ್ದರೆ ಏನೆನ್ನುತ್ತಿದ್ದನೋ. ಓದಬಲ್ಲ ಹೆಣ್ಣು ಕನಿಷ್ಠಪಕ್ಷ ರುಜುವಿನ ಮೊದಲು ಪತ್ರವನ್ನು ಓದುತ್ತಾಳೆ. ಓದಿದ ಮೇಲೆ ಪ್ರೀತಿಯಿಂದ ಬಿಟ್ಟುಕೊಟ್ಟರೆ ಅದು ಅವಳ ದಾನ, ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಅಪಹರಣ.

೧೮೪೮ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಹಾಗೂ ಸಾವಿತ್ರೀಬಾಯಿ ಫುಲೆ ದಂಪತಿಗಳು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು; ೧೮೮೧ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾಶಾಲೆಯು ತೆರೆಯಿತು. ೨೦೦೩ರಲ್ಲಿ ವಿಜಾಪುರದಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ೨೦೧೭ರಲ್ಲಿ ಅಕ್ಕಮಹಾದೇವಿಯ ನಾಮಧೇಯವನ್ನು ಇಡಲಾಯಿತು. ಶಾಲೆಗಳಿಗೆ ಇಂದು ಕೊರತೆಯಿಲ್ಲ. ಹಳ್ಳಿಯಿಂದ ತಾಲೂಕಿಗೆ ಹೋಗಿಬರುವ ಬಸ್ಸು, ಅಲ್ಲಿ ನಿರ್ಭಯವಾಗಿ ಇರಲು ಒಂದು ನಿಲಯ, ಓದು ಮುಗಿದ ಮೇಲೆ ಎರಡು ವರ್ಷ ಕಾಯುವ ತಾಳ್ಮೆ, ಇವುಗಳ ಕೊರತೆಯಿಂದಲೇ ಅನೇಕ ಕನ್ಯೆಯರ ವಿದ್ಯೆಯು ನಡುದಾರಿಯಲ್ಲಿ ನಿಲ್ಲುತ್ತದೆ.

ಕಡೆಯದಾಗಿ ಜಂಗಮರಿಗೂ ಅಯ್ಯನವರಿಗೂ ಒಂದು ವಿಜ್ಞಾಪನೆ. ಶರಣಸಂಪ್ರದಾಯದ ವಿವಾಹವು ಪಂಚಕಳಶಗಳ ಸನ್ನಿಧಿಯಲ್ಲಿ, ಗುರುವಿನ ಸಾಕ್ಷಿಯಲ್ಲಿ ನಡೆಯತಕ್ಕದ್ದು. ಸಾಕ್ಷಿಯೆಂದರೆ ಕಂಡದ್ದನ್ನು ಕಂಡಂತೆ ಹೇಳುವವನು. ಒಳಕೋಣೆಯಲ್ಲಿ ಹಣವನ್ನು ಎಣಿಸಿದ್ದು ತಿಳಿದಿದ್ದೂ ಹೊರಗೆ ಮಂಗಲಾಷ್ಟಕವನ್ನು ಹೇಳಿದರೆ ಸಾಕ್ಷಿತ್ವವು ಉಳಿಯುವುದೆಂತು? ಲಗ್ನಪತ್ರಿಕೆಯನ್ನು ಬರೆಯಲು ಕರೆದಾಗ, ಕೊಡುವುದು ತೆಗೆದುಕೊಳ್ಳುವುದು ಏನಾದರೂ ಇದೆಯೇ ಎಂದು ಎರಡೂ ಕಡೆಯವರನ್ನು ಕೇಳಬೇಕು. ಅನಂತರ ಒಳಗಿನಿಂದ ಕನ್ಯೆಯನ್ನು ಕರೆಸಿ, ಅದೇ ಪ್ರಶ್ನೆಯನ್ನು ಅವಳನ್ನೂ ಕೇಳಬೇಕು. ಅವಳು ಇಲ್ಲವೆಂದರೆ ಮಾತ್ರ ಲೇಖನಿಯನ್ನು ಎತ್ತಬೇಕು. ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಿಗೆ ಬಡವರು ಮಾತ್ರ ಬರುತ್ತಾರೆಂಬ ಭಾವನೆಯನ್ನು ಕಳೆಯಲು, ಉಳ್ಳವರು ತಮ್ಮ ಮಕ್ಕಳನ್ನೂ ಅದೇ ಚಪ್ಪರದಲ್ಲಿ ಕೂರಿಸಲಿ. ಹೆಣ್ಣುಮಕ್ಕಳ ಪ್ರಸಾದನಿಲಯಕ್ಕೆ ಸುಗ್ಗಿಯ ಮೊದಲ ಚೀಲವು ಹೋಗಲಿ. ಗಂಡುಮಕ್ಕಳ ನಿಲಯಕ್ಕೆ ಎರಡನೆಯದು ಹೋದರೆ ಅವರೇನೂ ಹಸಿದಿರಲಾರರು.